ಮೂರು ತಿಂಗಳು, 120 ಕಾರ್ಡು: ಇಂಗ್ಲಿಷ್ ಕ್ರಿಯಾಪದಗಳ ಪೆಟ್ಟಿಗೆ ಹೇಗಿದೆ?

"ಐ ಹ್ಯಾವ್ ರೋಟ್ ಟು ದೆಮ್." ಐದೇ ಪದ. ಆಫೀಸಿನ ಹದಿನಾಲ್ಕು ಜನಕ್ಕೆ ಹೋದ ಮೇಲ್. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬರು 'ರಿಪ್ಲೈ ಆಲ್' ಒತ್ತಿ ಒಂದೇ ಒಂದು ಪದ ಕಳಿಸಿದರು: "ರಿಟನ್." ರೋಟ್ ಅಲ್ಲ, ರಿಟನ್ ಅಂತ ತಿದ್ದುಪಡಿ. ಪಕ್ಕದಲ್ಲೊಂದು ನಗುಮುಖ. ಆ ನಗುಮುಖ ಇಲ್ಲದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅದೇ ರಾತ್ರಿ ಈ ಪೆಟ್ಟಿಗೆ ಆರ್ಡರ್ ಮಾಡಿದೆ.

ಇದು ಇಂಗ್ಲಿಷಿನ ಇರ್ರೆಗ್ಯುಲರ್ ಕ್ರಿಯಾಪದಗಳ, ಅಂದರೆ ಭೂತಕಾಲಕ್ಕೆ ಕೊನೆಯಲ್ಲಿ ಸುಮ್ನೆ 'ಇಡಿ' ಸೇರಿಸಿದರೆ ಆಗದಂಥವುಗಳ ಕಾರ್ಡುಗಳ ಸೆಟ್. ಒಟ್ಟು 120 ಕಾರ್ಡು, ಇಸ್ಪೀಟ್ ಎಲೆಗಿಂತ ಸ್ವಲ್ಪ ದೊಡ್ಡವು. ಮುಂದುಗಡೆ ಕ್ರಿಯಾಪದದ ಮೂಲರೂಪ. ಹಿಂದುಗಡೆ ಮೂರು ರೂಪಗಳು, ಕೆಳಗೆ ಒಂದು ವಾಕ್ಯ, ಮೂಲೆಯಲ್ಲಿ ಕ್ಯೂಆರ್ ಚೌಕ. ಫೋನ್ ಹಿಡಿದರೆ ಉಚ್ಚಾರಣೆ ಕೇಳಿಸುತ್ತದೆ. ಜೊತೆಗೆ ನಾಲ್ಕು ಪುಟದ ಒಂದು ಕರಪತ್ರ. ತಯಾರಕರ ಹೆಸರು ಬರೆಯುವುದಿಲ್ಲ. ಇಂಥ ಪೆಟ್ಟಿಗೆಗಳು ಬೇಕಾದಷ್ಟಿವೆ, ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ನಾನು ಹೇಳುವುದು ಬಹುಶಃ ಬೇರೆ ಪೆಟ್ಟಿಗೆಗಳಿಗೂ ಸಲ್ಲುತ್ತದೆ.

ಕಾರ್ಡಿನ ಗುಣಮಟ್ಟದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ದಪ್ಪಗಿವೆ, ಮೂಲೆ ದುಂಡಗಿದೆ, ಒದ್ದೆ ಕೈ ತಾಗಿದರೂ ಶಾಯಿ ಹರಡಲಿಲ್ಲ. ಮುಚ್ಚಳ ಮಾತ್ರ ಎರಡನೇ ವಾರಕ್ಕೇ ಹರಿಯಿತು. ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಮೊದಲ ಜಗಳ ಶುರುವಾಗಿದ್ದು ಜೋಡಣೆಯಿಂದ. ಎಲ್ಲ ಕಾರ್ಡೂ ಅಕಾರಾದಿ. ದಿನಕ್ಕೆ ನಾಲ್ಕು ಕಾರ್ಡು, ಒಂದು ತಿಂಗಳಲ್ಲಿ ಮುಗಿಯುತ್ತದೆ ಅಂತ ಕರಪತ್ರದ ಲೆಕ್ಕ. ಸರಿ, ಹಾಗೇ ಶುರುಮಾಡಿದೆ. ಮೊದಲ ದಿನದ ಮೊದಲ ಕಾರ್ಡು: ಅರೈಸ್, ಅರೋಸ್, ಅರಿಸನ್. ನಾನು ಜೀವನದಲ್ಲಿ ಎಷ್ಟು ಸಲ 'ಅರಿಸನ್' ಅಂದೇನು? ಎರಡನೇದು ಅವೇಕ್. ಹೀಗೆ ದಿನ ಕಳೆದು ಗೋ ಬರಲು ಎರಡು ವಾರ. ಇನ್ನು ನನ್ನ ಮಾನ ಕಳೆದ 'ರೈಟ್' ಇದೆಯಲ್ಲ, ಅದು ಡಬ್ಲ್ಯು-ಆರ್‌ನಿಂದ ಶುರುವಾಗುವ ಪದ. ಅದು 120ನೇ ಕಾರ್ಡು! ಯಾವುದಕ್ಕಾಗಿ ಪೆಟ್ಟಿಗೆ ತರಿಸಿದೆನೋ ಅದೇ ಎಲ್ಲಕ್ಕಿಂತ ತಳದಲ್ಲಿ ಕೂತಿತ್ತು.

ಕರಪತ್ರದಲ್ಲಿ ಇನ್ನೊಂದು ಮಾತಿದೆ: ಇವಕ್ಕೆ ನಿಯಮ ಅಂತ ಇಲ್ಲ, ಬಾಯಿಪಾಠ ಒಂದೇ ದಾರಿ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಭಾನುವಾರ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದು, ತಮ್ಮನ ಮಗನನ್ನು ಕೂರಿಸಿಕೊಂಡು ಕಾರ್ಡುಗಳನ್ನು ಕಿವಿಯಿಂದ ವಿಂಗಡಿಸಿದೆವು. ಅವನಿಗೆ ಹನ್ನೆರಡು ವರ್ಷ. ನನಗಿಂತ ಬೇಗ ಹಿಡಿದ.

ಮೊದಲು ಸಿಕ್ಕಿದ್ದು 'ಆಟ್' ಗುಂಪು. ಬ್ರಿಂಗ್–ಬ್ರಾಟ್, ಬೈ–ಬಾಟ್, ಥಿಂಕ್–ಥಾಟ್, ಕ್ಯಾಚ್–ಕಾಟ್, ಟೀಚ್–ಟಾಟ್, ಫೈಟ್–ಫಾಟ್, ಸೀಕ್–ಸಾಟ್. ಏಳೂ ಒಂದೇ ಸಾಲಿನಲ್ಲಿ ಇಟ್ಟಾಗ ಹಾಡಿನ ಹಾಗೆ ಕೇಳುತ್ತದೆ. ಎರಡನೇ ರೂಪವೇ ಮೂರನೇದೂ ಹೌದು, ಹಾಗಾಗಿ ತಪ್ಪುವ ಭಯವೂ ಇಲ್ಲ. ಆಮೇಲೆ ಅಲುಗಾಡದ ಗುಂಪು: ಕಟ್, ಹಿಟ್, ಪುಟ್, ಸೆಟ್, ಲೆಟ್, ಶಟ್, ಹರ್ಟ್, ಕಾಸ್ಟ್, ಸ್ಪ್ಲಿಟ್, ಸ್ಪ್ರೆಡ್. ಮೂರೂ ರೂಪ ಒಂದೇ. ಇವನ್ನು ನೋಡುತ್ತಾ ಹುಡುಗ ಕೇಳಿದ, "ಅತ್ತೆ, ಎಲ್ಲಾ ಟಿ ಇಲ್ಲಾ ಡಿ ಅಲ್ಲೇ ಮುಗೀತವಲ್ಲ?" ಹೌದು! ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ 'ಡಿ' ಸೇರಿಸಿ ಭೂತಕಾಲ ಮಾಡುವ ಭಾಷೆಯಲ್ಲಿ ಪದವೇ ಟಿ, ಡಿಯಲ್ಲಿ ಮುಗಿದರೆ ಸೇರಿಸುವುದಕ್ಕೆ ಜಾಗ ಇರುವುದಿಲ್ಲ, ಅಲ್ವಾ?

ಆಮೇಲೆ 'ನ್' ಗುಂಪು. ರಿಟನ್, ಬ್ರೋಕನ್, ಸ್ಪೋಕನ್, ಚೋಸನ್, ಟೇಕನ್, ಗಿವನ್, ಫಾಲನ್, ಹಿಡನ್, ಡ್ರಿವನ್, ಸ್ಟೋಲನ್. ಇದು ನನ್ನ ಗುಂಪು. ಇಲ್ಲಿ ಮೂರನೇ ರೂಪಕ್ಕೆ ತನ್ನದೇ ಬಾಲ ಇದೆ, ಆದ್ದರಿಂದ ತಪ್ಪಿದರೆ ಎದ್ದು ಕಾಣುತ್ತದೆ. ಒಂದು ಚಿಕ್ಕ ವಿಷಯ: 'ರೈಟ್' ಅನ್ನುವಾಗಿನ ಉದ್ದ ಸ್ವರ 'ರಿಟನ್'ನಲ್ಲಿ ಇಲ್ಲ. 'ರೈಟನ್' ಅನ್ನಬಾರದು. ಬರೆಯುವಾಗ ಟಿ ಎರಡು ಸಲ ಬರುವುದೂ ಇದಕ್ಕೇ.

ಕೊನೆಗೆ ಮೂರೂ ರೂಪ ಬೇರೆಯಾಗುವ ಇನ್ನೊಂದು ಗುಂಪು. ಸಿಂಗ್–ಸ್ಯಾಂಗ್–ಸಂಗ್. ರಿಂಗ್, ಡ್ರಿಂಕ್, ಸಿಂಕ್, ಶ್ರಿಂಕ್, ಸ್ವಿಮ್, ಬಿಗಿನ್ ಎಲ್ಲವೂ ಇದೇ ದಾರಿ. ಹುಡುಗನಿಗೆ ಇದು ಎಷ್ಟು ಹಿಡಿಸಿತೆಂದರೆ "ಬ್ರಿಂಗ್–ಬ್ರ್ಯಾಂಗ್–ಬ್ರಂಗ್" ಅಂದುಬಿಟ್ಟ. ನಕ್ಕೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಹೀಗೇ ಅನ್ನುತ್ತಾರೆ. ಸ್ವಿಂಗ್, ಕ್ಲಿಂಗ್, ಸ್ಟಿಂಗ್ ಇನ್ನೂ ಮೋಸಗಾರರು: ಸ್ವಂಗ್, ಕ್ಲಂಗ್, ಸ್ಟಂಗ್. ಮಧ್ಯದ 'ಆ್ಯ' ಮೆಟ್ಟಿಲೇ ಇಲ್ಲ.

ಹೀಗೆ ಐದಾರು ಗುಂಪು ಮಾಡಿದಾಗ ಯಾವ ಗುಂಪಿಗೂ ಸೇರದೆ ಉಳಿದ ಕಾರ್ಡುಗಳು ಇಪ್ಪತ್ತೂ ಇರಲಿಲ್ಲ. ಅವನ್ನು ಮಾತ್ರ ಬಾಯಿಪಾಠ ಮಾಡಿದೆ. ಈ ಕೆಲಸವನ್ನು ತಯಾರಕರೇ ಮಾಡಿ, ಗುಂಪಿಗೊಂದು ಬಣ್ಣ ಕೊಟ್ಟಿದ್ದರೆ ಏನಾಗುತ್ತಿತ್ತು?

ನಿಯಮ ಇಲ್ಲ ಅನ್ನುವುದು ಯಾಕೆ ತಪ್ಪು ಅಂದರೆ, ಇವು ಒಂದು ಕಾಲದ ನಿಯಮಗಳೇ. ಒಳಗಿನ ಸ್ವರ ಬದಲಿಸಿ ಕಾಲ ತೋರಿಸುವುದು ಇಂಗ್ಲಿಷ್ ಹುಟ್ಟಿದ ಜರ್ಮಾನಿಕ್ ಭಾಷೆಗಳ ಹಳೇ ಪದ್ಧತಿ. ಕೊನೆಗೆ ಡಿ ಸೇರಿಸುವುದೇ ಆಮೇಲೆ ಬಂದದ್ದು. 2007ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂತು. ಸಂಶೋಧಕರು ಹಳೇ ಇಂಗ್ಲಿಷಿನ 177 ಇರ್ರೆಗ್ಯುಲರ್ ಕ್ರಿಯಾಪದಗಳ ಬೆನ್ನು ಹತ್ತಿ ಹೋಗಿದ್ದರು. ನಡುಗಾಲದ ಇಂಗ್ಲಿಷಿಗೆ ಬರುವಾಗ 145 ಉಳಿದಿದ್ದವು, ಇವತ್ತಿಗೆ 98. ಯಾವುದು ಉಳಿಯಿತು? ಜನ ದಿನಾ ಬಳಸಿದ್ದು. ಬಳಕೆ ನೂರು ಪಟ್ಟು ಕಮ್ಮಿಯಾದರೆ ಹತ್ತು ಪಟ್ಟು ಬೇಗ 'ಇಡಿ' ಗುಂಪಿಗೆ ಸೇರಿಬಿಡುತ್ತದೆ ಅಂತ ಅವರ ಲೆಕ್ಕ. 'ಹೆಲ್ಪ್' ಕೂಡ ಒಂದು ಕಾಲಕ್ಕೆ ಹೋಲ್ಪ್, ಹೋಲ್ಪನ್ ಅಂತ ಓಡಾಡಿಕೊಂಡಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ 'ಹೋಲ್ಪನ್' ಈಗಲೂ ಸಿಗುತ್ತದೆ. ಆಮೇಲೆ ಅದು ಸುಮ್ನೆ 'ಹೆಲ್ಪ್ಡ್' ಆಗಿ ಕೂತಿತು.

ಅಂದರೆ ಜಾಸ್ತಿ ಬಳಸುವ ಪದಗಳೇ ಇರ್ರೆಗ್ಯುಲರ್. ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಟೇಕ್, ಸೀ, ಕಮ್. ಇವಿಲ್ಲದೆ ಒಂದು ಮೇಲ್ ಬರೆಯಲು ಆಗುವುದಿಲ್ಲ. ಹಾಗಿರುವಾಗ ಅರೈಸ್‌ನಿಂದ ಶುರುಮಾಡಿಸುವುದು ಯಾವ ನ್ಯಾಯ?

ನಮಗಿದು ಹೊಸದೂ ಅಲ್ಲ. ಮಾಡು–ಮಾಡಿದ, ನೋಡು–ನೋಡಿದ. ಆದರೆ ಕೊಡು–ಕೊಟ್ಟ, ಇಡು–ಇಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ. ಬರು–ಬಂದ, ತರು–ತಂದ. ಏಳು–ಎದ್ದ, ಬೀಳು–ಬಿದ್ದ, ಆದರೆ ಕೀಳು–ಕಿತ್ತ. ಇದಕ್ಕೆ ನಾವ್ಯಾರೂ ಪೆಟ್ಟಿಗೆ ತರಿಸಲಿಲ್ಲ.

ಈಗ ಈ ಸೆಟ್‌ನ ಒಳ್ಳೇ ಗುಣಕ್ಕೆ ಬರುತ್ತೇನೆ. ಹಿಂದುಗಡೆಯ ವಾಕ್ಯಗಳು ಚೆನ್ನಾಗಿವೆ. ಶಾಲೆಯಲ್ಲಿ ನಾವು ಕಲಿತದ್ದು ವಿ-ಒನ್, ವಿ-ಟೂ, ವಿ-ತ್ರೀ ಅಂತ ಮೂರು ಕಾಲಂ. ಗೋ ವೆಂಟ್ ಗಾನ್, ಗೋ ವೆಂಟ್ ಗಾನ್. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಹಾಗಿದ್ದರೆ 'ಹ್ಯಾವ್ ರೋಟ್' ಹೇಗೆ ಬಂತು? ರೈಟ್–ರೋಟ್–ರಿಟನ್ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಮೂರನೇ ಕಾಲಂ ಒಂಟಿಯಾಗಿ ಗೊತ್ತಿತ್ತು. ಅದು ಯಾರ ಜೊತೆ ಓಡಾಡುತ್ತದೆ ಅನ್ನುವುದು ನಾಲಿಗೆಗೆ ಗೊತ್ತಿರಲಿಲ್ಲ. 'ವೆಂಟ್' ಒಬ್ಬನೇ ನಡೆಯುತ್ತಾನೆ. 'ಗಾನ್' ಕ್ರಿಯಾಪದವಾಗಿ ನಿಲ್ಲಬೇಕಾದರೆ ಮುಂದೆ ಹ್ಯಾವ್, ಹ್ಯಾಸ್, ಹ್ಯಾಡ್ ಬೇಕು, ಇಲ್ಲವೇ ಈಸ್, ವಾಸ್ ಬೇಕು. ಈ ಕಾರ್ಡಿನಲ್ಲಿ ಮೂರನೇ ರೂಪದ ಜೊತೆಗೇ ಅದರ ಸಂಗಾತಿಯನ್ನೂ ಸೇರಿಸಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. 'ಹ್ಯಾಸ್ ಗಾನ್', 'ಹ್ಯಾವ್ ಟೇಕನ್' ಅಂತ. ಮೂರು ವಾರ ಜೋಡಿಯಾಗಿ ಓದಿದ ಮೇಲೆ 'ಹ್ಯಾವ್ ರೋಟ್' ಅಂದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. 'ಶುಡ್ ಹ್ಯಾವ್ ವೆಂಟ್' ಕೂಡ ಹಾಗೇ. ಕೊಟ್ಟ ಹಣ ಇದೊಂದಕ್ಕೇ ವಸೂಲಾಯಿತು.

ಆದರೆ ಈ ವಾಕ್ಯಗಳಲ್ಲಿ ಸುಮಾರು ಎಲ್ಲವೂ ಹ್ಯಾವ್, ಹ್ಯಾಸ್‌ನವೇ. ಈಸ್, ವಾಸ್ ಜೊತೆಗಿನ ವಾಕ್ಯ ಎಷ್ಟಿವೆ ಅಂತ ಎಣಿಸಿದೆ. 120ರಲ್ಲಿ ಒಂಬತ್ತು! ಆಫೀಸಿನಲ್ಲಿ ನಮ್ಮ ಮೇಲ್ ಎಲ್ಲ ನಡೆಯುವುದೇ ಅದರ ಮೇಲೆ. 'ಫೈಲ್ ಕಳಿಸಲಾಗಿದೆ' ಅನ್ನಲು "ದ ಫೈಲ್ ಹ್ಯಾಸ್ ಸೆಂಟ್" ಅಂತ ಬರೆಯುವವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ. ಅಂದರೆ ಫೈಲೇ ಕೂತು ಯಾರಿಗೋ ಏನೋ ಕಳಿಸಿದ ಹಾಗಾಯಿತು. ನಡುವೆ ಒಂದು 'ಬೀನ್' ಬೇಕು: ಹ್ಯಾಸ್ ಬೀನ್ ಸೆಂಟ್. ಈ ಚಿಕ್ಕ ಪದದ ಬಗ್ಗೆ ಕರಪತ್ರದಲ್ಲಿ ಒಂದು ಸಾಲೂ ಇಲ್ಲ.

ನಾಮಪದದ ಮುಂದೆ ಕೂರುವ ಬಳಕೆಯೂ ಇಲ್ಲ. ಬ್ರೋಕನ್ ಚೇರ್, ರಿಟನ್ ಲೆಟರ್. ಮುರಿದ ಕುರ್ಚಿ, ಬರೆದ ಪತ್ರ. ನಮ್ಮ ಭಾಷೆಯಲ್ಲೂ ಹೀಗೇ ಇದೆ, ಹಾಗಾಗಿ ಸಲೀಸು ಅನ್ನಿಸುತ್ತದೆ. ಆದರೆ ಒಂದು ಹಳ್ಳ ಇದೆ. ಕನ್ನಡದ 'ಬರೆದ' ಎರಡೂ ಕಡೆ ನಡೆಯುತ್ತದೆ. ಬರೆದ ಪತ್ರ ಅನ್ನಬಹುದು, ಬರೆದ ಹುಡುಗಿ ಅಂತಲೂ ಅನ್ನಬಹುದು. ಇಂಗ್ಲಿಷಿನಲ್ಲಿ 'ರಿಟನ್ ಗರ್ಲ್' ಅಂದರೆ ಯಾರೋ ಹುಡುಗಿಯನ್ನೇ ಕಾಗದದ ಮೇಲೆ ಬರೆದುಬಿಟ್ಟರು ಅಂತಾಗುತ್ತದೆ. ಅಲ್ಲಿ 'ದ ಗರ್ಲ್ ಹೂ ರೋಟ್' ಅಂತ ಸುತ್ತಿಕೊಂಡೇ ಬರಬೇಕು.

ಒಂದು ಕಾರ್ಡು ನನ್ನನ್ನು ತುಂಬಾ ಹೊತ್ತು ಹಿಡಿದು ಕೂರಿಸಿತು. 'ಗೋ'. ಮೊದಲನೇದಾಗಿ, 'ವೆಂಟ್' ಗೋ-ದ ಸ್ವಂತ ಮಗನೇ ಅಲ್ಲ. 'ವೆಂಡ್' ಅನ್ನುವ ಬೇರೆ ಕ್ರಿಯಾಪದದ ಭೂತಕಾಲ, ಇಲ್ಲಿಗೆ ದತ್ತು ಬಂದದ್ದು. ಎರಡನೇದು, ಮೂರನೇ ರೂಪದ ಜಾಗದಲ್ಲಿ 'ಗಾನ್' ಅಂತ ಇದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಬೀನ್' ಅಂತಲೂ ಇದೆ. ವಿವರಣೆ ಇಲ್ಲ. ಅಚ್ಚಿನ ತಪ್ಪು ಅಂತಲೇ ತಿಳಿದುಕೊಂಡಿದ್ದೆ. ಆಮೇಲೆ ಹೊಳೆಯಿತು. 'ಶೀ ಹ್ಯಾಸ್ ಗಾನ್ ಟು ದ ಲೈಬ್ರರಿ' ಅಂದರೆ ಹೋಗಿದ್ದಾಳೆ, ಈಗ ಇಲ್ಲಿಲ್ಲ. 'ಶೀ ಹ್ಯಾಸ್ ಬೀನ್ ಟು ದ ಲೈಬ್ರರಿ' ಅಂದರೆ ಹೋಗಿ ಬಂದಿದ್ದಾಳೆ. ನಮ್ಮಲ್ಲಿ 'ಬಂದು' ಸೇರಿಸಿ ಹೇಳುವುದನ್ನು ಅವರು ಪದವನ್ನೇ ಬದಲಿಸಿ ಹೇಳುತ್ತಾರೆ. ಈ ಒಂದು ವಾಕ್ಯವನ್ನು ಕಾರ್ಡಿನಲ್ಲಿ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅದೇ ದಿನ ನನ್ನ ಇನ್ನೊಂದು ಹಳೇ ತಪ್ಪೂ ಸಿಕ್ಕಿಬಿತ್ತು. "ಐ ಹ್ಯಾಡ್ ಗಾನ್ ದೇರ್ ಯೆಸ್ಟರ್ಡೇ." ಇದನ್ನು ನಾನು ದಿನಾ ಅನ್ನುತ್ತಿದ್ದೆ. ಮೂರನೇ ರೂಪ ಸರಿಯಾಗಿದೆ, ಸಂಗಾತಿಯೂ ಇದ್ದಾನೆ. ಮತ್ತೆ ತಪ್ಪೇನು? ತಲೆಯಲ್ಲಿ ಓಡುತ್ತಿದ್ದದ್ದು 'ನಿನ್ನೆ ಹೋಗಿದ್ದೆ'. ನಮಗೆ ನಿನ್ನೆಯ ಮಾತಿಗೆ 'ಹೋಗಿದ್ದೆ' ಬಹಳ ಸಹಜ. ಇಂಗ್ಲಿಷಿನಲ್ಲಿ ಹ್ಯಾಡ್ ಬಂದರೆ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ. ಹೋಗಿದ್ದೆ, ಆಮೇಲೆ ಏನಾಯಿತು? ಇನ್ನೊಂದು ಘಟನೆಗಿಂತ ಮುಂಚೆ ನಡೆದದ್ದಾದರೆ ಮಾತ್ರ ಹ್ಯಾಡ್. ಸುಮ್ನೆ ನಿನ್ನೆ ಹೋದದ್ದಾದರೆ 'ಐ ವೆಂಟ್', ಅಷ್ಟೇ. 'ಐ ಹ್ಯಾವ್ ಗಾನ್ ಯೆಸ್ಟರ್ಡೇ' ಅಂತೂ ಆಗುವುದೇ ಇಲ್ಲ. ಹ್ಯಾವ್‌ಗೂ ಯೆಸ್ಟರ್ಡೇಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಇನ್ನು ದೂರುಗಳು. 'ಲೇ' ಕಾರ್ಡಿನಲ್ಲಿ ನೇರ ಅಚ್ಚಿನ ತಪ್ಪಿದೆ. ಎಲ್-ಎ-ಐ-ಡಿ ಇರಬೇಕಾದಲ್ಲಿ ಎಲ್-ಎ-ವೈ-ಇ-ಡಿ ಅಂತ ಹಾಕಿದ್ದಾರೆ. ಸ್ಪೆಲಿಂಗ್ ಕಲಿಸುವ ಕಾರ್ಡಿನಲ್ಲೇ! ಅದಕ್ಕಿಂತ ದೊಡ್ಡ ತಪ್ಪು, 'ಲೈ'ಗೆ ಒಂದೇ ಕಾರ್ಡು. ಮಲಗು ಅನ್ನುವ ಲೈ ಬೇರೆ: ಲೈ–ಲೇ–ಲೇನ್. ಸುಳ್ಳು ಹೇಳು ಅನ್ನುವ ಲೈ ಬೇರೆ, ಅದು ಸಾದಾ ಕ್ರಿಯಾಪದ: ಲೈ–ಲೈಡ್–ಲೈಡ್. ಇಡು, ಮಲಗಿಸು ಅನ್ನುವ ಲೇ ಮೂರನೇದು: ಲೇ–ಲೇಡ್–ಲೇಡ್. ಒಂದರ ಭೂತಕಾಲ ಇನ್ನೊಂದರ ಮೂಲರೂಪ. ಎಂಥಾ ಗೋಜಲು! ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ದಿನಾ ಎಡವುತ್ತಾರೆ. ಅಂದಹಾಗೆ, ಹೋದ ವಾರ ಆ ನಗುಮುಖದವರ ಮೇಲ್ ಬಂತು: "ದ ಪೇಪರ್ಸ್ ಆರ್ ಲೇಯಿಂಗ್ ಆನ್ ಯುವರ್ ಟೇಬಲ್." ಪೇಪರು ಮೊಟ್ಟೆ ಇಡುತ್ತಿದೆಯಾ ಅಂತ ಕೇಳಬೇಕು ಅನ್ನಿಸಿತು. 'ರಿಪ್ಲೈ ಆಲ್' ತನಕ ಬೆರಳು ಹೋಯಿತು. ಒತ್ತಲಿಲ್ಲ. ಆದರೆ ಆ ದಿನ ಕೆಲಸ ಬಹಳ ಉತ್ಸಾಹದಿಂದ ಮಾಡಿದೆ.

ಆಡಿಯೋ ಬಗ್ಗೆ ಒಂದು ವಿಚಿತ್ರ. 'ಗೆಟ್' ಕಾರ್ಡಿನಲ್ಲಿ ಗೆಟ್–ಗಾಟ್–ಗಾಟ್ ಅಂತ ಅಚ್ಚಾಗಿದೆ. ಕ್ಯೂಆರ್ ಹಿಡಿದರೆ ದನಿ 'ಗಾಟನ್' ಅನ್ನುತ್ತದೆ. ಕಾರ್ಡು ಬರೆದವರು ಬ್ರಿಟಿಷ್ ಬಳಕೆ ಹಿಡಿದಿದ್ದಾರೆ, ಓದಿದವರು ಅಮೆರಿಕದ ಬಳಕೆ. ಇಬ್ಬರೂ ಸರಿ, ಆದರೆ ಮೊದಲೇ ಮಾತಾಡಿಕೊಳ್ಳಬಾರದಿತ್ತಾ? ತಮಾಷೆ ಏನೆಂದರೆ ಗಾಟನ್ ಅಮೆರಿಕದ ಹೊಸ ಆವಿಷ್ಕಾರ ಅಲ್ಲ, ಬ್ರಿಟನ್‌ನಲ್ಲೂ ಇದ್ದ ಹಳೇ ರೂಪವೇ. ಬ್ರಿಟನ್‌ನಲ್ಲಿ ಅದು ಬಿದ್ದುಹೋಯಿತು, ಅಮೆರಿಕದಲ್ಲಿ ಉಳಿಯಿತು. 'ಫರ್ಗಾಟನ್' ಮಾತ್ರ ಇಬ್ಬರೂ ಬಿಟ್ಟಿಲ್ಲ. ಅಮೆರಿಕದವರೂ 'ನನ್ನ ಹತ್ತಿರ ಇದೆ' ಅನ್ನಲು 'ಐ ಹ್ಯಾವ್ ಗಾಟ್' ಅಂತಲೇ ಅನ್ನುತ್ತಾರೆ. ಪಡೆದೆ, ಆದೆ ಅನ್ನುವ ಅರ್ಥಕ್ಕೆ ಗಾಟನ್. ಲರ್ನ್ಟ್–ಲರ್ನ್ಡ್, ಬರ್ನ್ಟ್–ಬರ್ನ್ಡ್ ಇವೂ ಎರಡೂ ನಡೆಯುತ್ತವೆ. ಕಾರ್ಡಿನಲ್ಲಿ ಒಂದೊಂದೇ ಇದೆ.

ಆಡಿಯೋ ಇರುವುದರಿಂದ ಉಳಿದದ್ದೂ ಇದೆ. 'ರೀಡ್' ಕಾರ್ಡು ನೋಡಿ. ಮೂರೂ ರೂಪಕ್ಕೆ ಒಂದೇ ಸ್ಪೆಲಿಂಗ್. ಎರಡನೇದು, ಮೂರನೇದು ಓದುವುದು ಮಾತ್ರ 'ರೆಡ್', ಕೆಂಪು ಬಣ್ಣದ ಹಾಗೆ. ನಾನು ಎಷ್ಟೋ ವರ್ಷ ಮೀಟಿಂಗುಗಳಲ್ಲಿ 'ಐ ಹ್ಯಾವ್ ರೀಡ್ ಯುವರ್ ಮೇಲ್' ಅಂದಿದ್ದೇನೆ. ಬರೆದಾಗ ಸರಿ ಇರುತ್ತದೆ, ಬಾಯಿ ಬಿಟ್ಟರೆ ತಪ್ಪು! 'ಸೆಡ್' ಕೂಡ 'ಸೇಡ್' ಅಲ್ಲ. ಕಾರ್ಡು ನೋಡಿ ಇದು ಗೊತ್ತಾಗುತ್ತಿರಲಿಲ್ಲ, ಕೇಳಿ ಗೊತ್ತಾಯಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಆ ದಪ್ಪಕ್ಷರದ ಜೋಡಿಗಳಿಗೆ. ಕಳೆದದ್ದು ಅಕಾರಾದಿಗೆ, ಕಾಣೆಯಾದ 'ಬೀನ್'ಗೆ, ಲೇ-ಲೈ ಗೋಜಲಿಗೆ. ಈಗಷ್ಟೇ ಇಂಗ್ಲಿಷ್ ಶುರುಮಾಡಿದವರಿಗೆ ಬೇಡ, 120 ಒಟ್ಟಿಗೆ ನೋಡಿ ಗಾಬರಿಯಾಗುತ್ತಾರೆ. ನನ್ನ ಹಾಗೆ ಓದಲು ಬರುತ್ತದೆ, ಬರೆಯುವಾಗ ಕೈ ನಡುಗುತ್ತದೆ ಅನ್ನುವವರಿಗೆ ಬೇಕು. ತಂದ ದಿನವೇ ಸುರಿದು ಗುಂಪು ಮಾಡಿಕೊಳ್ಳಿ. ಪಕ್ಕದಲ್ಲಿ ಹನ್ನೆರಡು ವರ್ಷದವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಪೆಟ್ಟಿಗೆಯಲ್ಲಿ ಈಗ 119 ಇವೆ. 120ನೇ ಕಾರ್ಡನ್ನು ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದೇನೆ, ಹಿಂದುಗಡೆ ಕಾಣುವ ಹಾಗೆ.